ಉಜ್ಜಿದ ಬೆಳ್ಳಿ

ಅವಳು ಕೊನೆಯ ನಾಣ್ಯಕ್ಕೆ ಹಲ್ಲುಪುಡಿ ಹಚ್ಚಿ ಹೆಬ್ಬೆರಳಿನಿಂದ ತಿಕ್ಕುತ್ತಿದ್ದಾಗ, ಗಂಡನ ಗೆಳೆಯ ಗಡಿಯಾರ ರಿಪೇರಿಯವನು ಹಿತ್ತಲ ಬಾಗಿಲಿಗೆ ಬಂದು ನಿಂತ. ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದ ಅವಳು ತಲೆ ಎತ್ತಲಿಲ್ಲ. ಪಕ್ಕದಲ್ಲಿ ಹಾಸಿದ ಟವೆಲಿನ ಮೇಲೆ, ಸತ್ತವನು ಒಂದು ಜನ್ಮವಿಡೀ ಕೂಡಿಟ್ಟ ಬೆಳ್ಳಿ ನಾಣ್ಯಗಳು ನಿನ್ನೆ ಅಚ್ಚು ಹಾಕಿದಂತೆ ಹೊಳೆಯುತ್ತಿದ್ದವು.

"ಅತ್ತಿಗೆ," ಎಂದ ಅವನು. ಅವನ ಕಣ್ಣು ಟವೆಲಿನ ಮೇಲಿತ್ತು.

"ಬಂದ್ಯಾಪ್ಪಾ? ಒಳಗೆ ಮಲಗಿಸಿದಾರೆ, ಹೋಗಿ ನೋಡು." ಅವಳು ನಾಣ್ಯವನ್ನು ನೀರಿಗೆ ಹಿಡಿದಳು. "ಎಲ್ಲಾ ಮಸಿ ಹಿಡ್ದು ಕೂತಿದ್ವು. ಜನ ಬರ್ತಾರೆ, ಅವರ ಪಕ್ಕ ಇಡೋಣ ಅಂತ. ಯಾವಾಗ ಕೇಳಿದ್ರೂ, ನಾಳೆ ಉಜ್ಜೋಣ, ನೀನು ಮುಟ್ಬೇಡ ಅನ್ನೋರು. ಆ ನಾಳೆ ಬರ್ಲೇ ಇಲ್ಲ ನೋಡು."

ಅವಳ ಬೆನ್ನ ಹಿಂದೆ ಚಹಾದ ಲೋಟಗಳನ್ನು ಹಿಡಿದು ಮಗಳು ನಿಂತಿದ್ದಳು. ಹೇಳಬೇಡಿ ಎಂದು ಕಣ್ಣಲ್ಲೇ ಅವನಿಗೆ ಸನ್ನೆ ಮಾಡಿದಳು.

ಅಡುಗೆಮನೆಗೆ ಬಂದ ಮೇಲೆ ಅವನು ಗೋಡೆಗೆ ಒರಗಿದ. "ನಿಲ್ಲಿಸೋದಲ್ವೇನಮ್ಮಾ?"

"ಗಾಡಿಗೆ ಫೋನ್ ಮಾಡೋಕೆ ಹೋಗಿದ್ದೆ ಮಾಮ. ಬರೋಷ್ಟರಲ್ಲಿ ಅರ್ಧ ಮುಗಿದಿತ್ತು. ಬೆಳಿಗ್ಗೆಯಿಂದ ಅಮ್ಮ ಅತ್ತಿಲ್ಲ, ಯಾರ ಹತ್ರಾನೂ ಮಾತಾಡಿಲ್ಲ. ಅದೊಂದು ಕೆಲಸ ಹಿಡ್ಕೊಂಡು ಕೂತಿದ್ಲು. ಹೇಗೆ ಕಿತ್ಕೊಳ್ಳಲಿ?"

ಹಳೆಯ ನಾಣ್ಯ ಕೂಡಿಡುವವರಿಗೆ ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ. ಅದು ನೂರಾರು ವರ್ಷ ಕೂತು ಆದ ಬಣ್ಣ. ಅದನ್ನು ಉಜ್ಜಿದರೆ ನಾಣ್ಯದ ಮೈ ಸವೆಯುತ್ತದೆ, ಮತ್ತೆ ಬರುವುದಿಲ್ಲ. ಸತ್ತವನು ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯುತ್ತಿದ್ದ. ಬೇರೆ ಯಾರಾದರೂ ಬೆರಳು ಇಟ್ಟರೆ ಅವನ ಮುಖ ಸಣ್ಣದಾಗುತ್ತಿತ್ತು.

"ಅಮ್ಮನಿಗೆ ಗೊತ್ತಾಗೋದು ಬೇಡ ಮಾಮ. ಇವತ್ತಂತೂ ಬೇಡ."

"ನಾನ್ಯಾಕೆ ಹೇಳ್ಲಿ? ನಿಮ್ಮಪ್ಪನೇ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ," ಎಂದು ಅವನು ಚಹಾ ತೆಗೆದುಕೊಂಡ.

*

ಸತ್ತವನು ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದ. ಮಡಿಚುವ ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿ, ಒಂದು ಸ್ಟೂಲು. ದಿನಕ್ಕೊಂದು ನಾಣ್ಯವನ್ನು ಅರಿವೆಯಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ಹತ್ತಿದವರಿಗೆ ಅದನ್ನು ತೋರಿಸಿ, ಅದರ ಮೇಲಿನ ಚಿತ್ರದ ಕತೆ ಶುರು ಮಾಡುತ್ತಿದ್ದ. ಹಡಗು ಯಾಕೆ ವಾಲಿದೆ, ರಾಣಿಯ ಕಿವಿಯಲ್ಲಿ ಓಲೆ ಯಾಕಿಲ್ಲ, ಸಿಂಹ ಯಾಕೆ ನಾಯಿಯ ಹಾಗಿದೆ. ಅವರವರ ಮಹಡಿ ಬಂದಾಗ ಜಾಲರಿ ಸರಿಸಿ, "ಮುಂದಿನದು ಆಮೇಲೆ," ಎನ್ನುತ್ತಿದ್ದ. ಕೆಲವರು ಇಳಿಯದೆ ಮೇಲಿನವರೆಗೆ ಹೋಗಿ ಮೆಟ್ಟಿಲಿಳಿದು ಬರುತ್ತಿದ್ದುದೂ ಉಂಟು.

ಮನೆಗೆ ಬಂದರೆ ಮಾತಿಲ್ಲ. ಉಂಡು, ತಗಡಿನ ಡಬ್ಬಿ ತೆರೆದು, ನಾಣ್ಯಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮುಚ್ಚಿಡುತ್ತಿದ್ದ.

ಹೆಂಡತಿ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವಳು. ಅವಳು ತೊಳೆದ ಕೊಪ್ಪರಿಗೆಯಲ್ಲಿ ಮುಖ ನೋಡಿ ತಲೆ ಬಾಚಬಹುದು ಎಂದು ಅಲ್ಲಿಯವರು ತಮಾಷೆ ಮಾಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಒಂದು ರಜೆಯ ಬೆಳಿಗ್ಗೆ ಅವನು ಅವಳನ್ನು ಕಿಟಕಿಯ ಬಳಿ ಕೂರಿಸಿ ಒಂದು ನಾಣ್ಯವನ್ನು ಓರೆಯಾಗಿ ಹಿಡಿದ. ಅದರಲ್ಲಿ ಒಬ್ಬ ಹೆಂಗಸು ತಕ್ಕಡಿ ಹಿಡಿದು ಕೂತಿದ್ದಳು.

"ಕಾಲ ಹತ್ರ ನೋಡು."

ಅವಳು ನೋಡಿದಳು. ಪಾದದ ಪಕ್ಕ, ಕೂದಲೆಳೆಯಂಥ ಕಪ್ಪು ಗೆರೆಗಳಲ್ಲಿ ಒಂದು ಪುಟ್ಟ ಹಕ್ಕಿ ಇತ್ತು.

"ಅಯ್ಯೋ, ಹಕ್ಕಿ! ಇಲ್ಲಿಗ್ಯಾಕೆ ಬಂತು ಇದು?"

ಅವನು ಬಾಯಿ ತೆರೆಯುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಅವಳು ಓಡಿದಳು. ಹಾಲು ಇಳಿಸಿ, ಒಲೆ ಒರೆಸಿ ಬರುವಷ್ಟರಲ್ಲಿ ಅವನು ಡಬ್ಬಿ ಮುಚ್ಚಿದ್ದ. ಅವಳು ಮತ್ತೆ ಕೇಳಲಿಲ್ಲ, ಅವನೂ ಹೇಳಲಿಲ್ಲ. ಎಷ್ಟೋ ದಿನದ ಮೇಲೆ ಅವಳು ಒಮ್ಮೆ, "ಪಾಪ, ಎಷ್ಟು ಕಪ್ಪಾಗಿವೆ, ಕೊಡಿ ತೊಳೆದುಕೊಡ್ತೀನಿ," ಎಂದಳು. ಅವಳಿಗೆ ತಿಳಿಸಿ ಹೇಳುವುದು ಅವನಿಗೆ ದೊಡ್ಡ ಕೆಲಸವೆನಿಸಿರಬೇಕು. ನಾಳೆ ಉಜ್ಜೋಣ ಎಂದುಬಿಟ್ಟ.

*

ಮುಂದಿನ ಕೋಣೆಯಲ್ಲಿ ಅವನನ್ನು ಗೋಡೆ ಬದಿಯ ಮಂಚದ ಮೇಲೆ ಮಲಗಿಸಿದ್ದರು. ಪಕ್ಕದ ಮನೆಯ ನರ್ಸಮ್ಮ ಬೆಳಿಗ್ಗೆ ಅವನ ಮೂಗಿನ ಬಳಿ ಹಿಡಿದು ನೋಡಿದ ಕೈಗನ್ನಡಿ ಇನ್ನೂ ಕಿಟಕಿಯಲ್ಲೇ ಇತ್ತು. ಆಗ ಒಂದಿಷ್ಟೂ ಉಸಿರಿನ ಮಂಜು ಕಟ್ಟಿರಲಿಲ್ಲ ಅದರಲ್ಲಿ. ಹೆಂಡತಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ನಾಣ್ಯಗಳನ್ನು ಇಟ್ಟಳು. ಬಟ್ಟೆ ಅಂಗಡಿಯವರು ಬಂದರು.

"ಎಷ್ಟು ಹೊಳೀತಿವೆ ಅಕ್ಕಾ! ಲಿಫ್ಟಲ್ಲಿ ನೋಡಿದಾಗ ಹಳೇ ಗುಂಡಿಗಳ ಹಾಗಿದ್ವು," ಎಂದಳು ಪರದೆ ಮಾರುವವಳು. ಅವಳು ಮೂಗೊರೆಸಿಕೊಂಡಳು. "ಆ ತಕ್ಕಡಿ ಹೆಂಗಸಿನ ಕತೆ ನನಗೆ ಅರ್ಧಾನೇ ಗೊತ್ತು. ನಾನು ಎರಡನೇ ಮಹಡಿ ಅಲ್ವಾ. ಅಚ್ಚು ಕೊರೆಯೋನಿಗೆ ರಾಜ ನ್ಯಾಯದೇವತೇನ ಕೊರಿ ಅಂತಾನೆ. ಇವನು ದೇವತೇನ ಎಲ್ಲಿ ನೋಡಿದಾನೆ? ಹೆಂಡ್ತೀನೇ ಎದುರಿಗೆ ಕೂರಿಸ್ಕೊತಾನೆ. ಅಷ್ಟೊತ್ತಿಗೆ ನನ್ನ ಪರದೆ ಮಹಡಿ ಬಂದ್ಬಿಡೋದು."

"ಒಂದಿನ ಮೇಲಿನ ತನಕ ಬರೋದಲ್ವೇ?" ಎಂದ ದರ್ಜಿ.

"ಬಂದಿದ್ರೆ ಮ್ಯಾನೇಜರ್ ನನ್ನೇ ಕೊರೀತಿದ್ದ. ಮುಂದಿನದು ನೀವೇ ಹೇಳಿ."

ಕೊನೆಯ ಮಹಡಿಯಲ್ಲಿ ಅಂಗಿ ಚಡ್ಡಿಗಳ ಅಳತೆ ತಿದ್ದುವ ದರ್ಜಿಗೆ ಪೂರ್ತಿ ಕತೆ ಗೊತ್ತಿತ್ತು. ಸತ್ತವನ ಕಡೆ ಒಮ್ಮೆ ನೋಡಿ, ಒಪ್ಪಿಗೆ ಪಡೆದವನಂತೆ ಶುರು ಮಾಡಿದ. "ಆ ಹೆಂಡ್ತಿ ಒಂದು ಕಡೆ ಕೂರೋಳಲ್ಲ. ಕಿಟಕಿಗೆ ದಿನಾ ಒಂದು ಹಕ್ಕಿ ಬರ್ತಿತ್ತು. ಅದಕ್ಕೆ ಕಾಳು ಹಾಕೋಕೆ ಎದ್ದೆದ್ದು ಓಡೋಳು. ತಕ್ಕಡಿ ಕೊರೆಯೋದು ಅರ್ಧಕ್ಕೇ ನಿಲ್ಲೋದು. ಕೊನೆಗೆ ಇವನು, ಓಡಬೇಡ ಮಾರಾಯ್ತಿ, ನಿನ್ನ ಹಕ್ಕೀನೂ ನಿನ್ನ ಕಾಲ ಹತ್ರಾನೇ ಕೂರಿಸ್ತೀನಿ ಅಂದ. ರಾಜ ನೋಡಿ, ದೇವತೆ ಹತ್ರ ಹಕ್ಕಿ ಏನು, ತೆಗಿ ಅಂದ. ಇವನು ತೆಗೀಲಿಲ್ಲ. ರಾಜನ ಕಣ್ಣಿಗೆ ಬೀಳಬಾರದು, ಅವಳ ಕಣ್ಣಿಗೆ ಮಾತ್ರ ಬೀಳಬೇಕು, ಅಷ್ಟು ತೆಳ್ಳಗೆ ಕೊರೆದ."

ಮೂಲೆಯಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ ಮೇಜಿನ ಬಳಿ ಬಂದಳು. ಕನ್ನಡಕ ಹಾಕಿಕೊಂಡು ಆ ನಾಣ್ಯವನ್ನು ಎತ್ತಿ ಕಿಟಕಿಗೆ ಹಿಡಿದಳು. ಓರೆ ಮಾಡಿದಳು. ಮತ್ತೊಂದು ಕಡೆಗೆ ಓರೆ ಮಾಡಿದಳು.

"ಹಕ್ಕಿ ಎಲ್ಲಿ?"

ದರ್ಜಿ ಕತ್ತು ಚಾಚಿ ನೋಡಿದ.

"ನಾನು ನೋಡಿದ್ದೆ. ಇಲ್ಲೇ ಕಪ್ಪಗೆ ಇತ್ತು." ಅವಳು ಗಡಿಯಾರ ರಿಪೇರಿಯವನ ಕಡೆ ತಿರುಗಿದಳು. "ನಿನ್ನ ಗಾಜು ಹಾಕಿ ನೋಡಪ್ಪಾ."

ಅವನು ಜೇಬಿನಲ್ಲಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ. ಹೆಂಗಸಿನ ಪಾದದ ಬಳಿ ಹಲ್ಲುಪುಡಿಯ ಸಣ್ಣ ಗೀರುಗಳಷ್ಟೇ ಕಂಡವು.

"ನಾನೇ ಉಜ್ಜಿಬಿಟ್ನಾ?"

"ಇಲ್ಲಮ್ಮಾ, ಅದು ಮೊದ್ಲೇ ಸವೆದು..." ಎಂದಳು ಮಗಳು.

"ನೀನು ಸುಮ್ನಿರು. ಅವನು ಹೇಳ್ಲಿ."

ಅವನು ಗಾಜು ತೆಗೆದು ಕೈಯಲ್ಲಿ ಹಿಡಿದ. ಮಗಳ ಕಡೆ ನೋಡಲಿಲ್ಲ. "ಹೂಂ ಅತ್ತಿಗೆ. ಆ ಕಪ್ಪಿನಿಂದಾನೇ ಹಕ್ಕಿ ಕಾಣ್ತಿದ್ದದ್ದು. ಅದಕ್ಕೇ ಅವರು ಮುಟ್ಟೋಕೆ ಬಿಡ್ತಿರ್ಲಿಲ್ಲ."

ಅವಳು ಮಂಚದ ಕಡೆ ನೋಡಿದಳು. "ಲಿಫ್ಟ್ ಹತ್ತಿದೋರಿಗೆಲ್ಲಾ ಹೇಳಿದ್ರಿ," ಎಂದಳು, ಪಾತ್ರೆ ಲೆಕ್ಕ ತಪ್ಪಿದಾಗ ಕೇಳುವ ದನಿಯಲ್ಲಿ. "ನನಗೊಂದು ಮಾತು ಹೇಳೋಕೇನಾಗಿತ್ತು?"

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಅಳಿಯ ಮತ್ತು ಇನ್ನಿಬ್ಬರು ಒಳಗೆ ಬಂದು ಮಂಚದ ಸುತ್ತ ನಿಂತರು.

"ಕೊಡಿ ಇಲ್ಲಿ, ಗೆರೆ ಇನ್ನೂ ಒಂಚೂರು ಉಳಿದಿರಬಹುದು," ಎಂದು ಗಡಿಯಾರ ರಿಪೇರಿಯವನು ನಾಣ್ಯ ತೆಗೆದುಕೊಂಡ. ಗಡಿಯಾರದ ಗಾಜು ಒರೆಸುವ ಮೊದಲು ಮಾಡುವಂತೆ ಬಾಯಿ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟ. ಬೆಳ್ಳಿ ಮಂಜಾಯಿತು. ತಡಮಾಡದೆ ಅದನ್ನು ಅವಳ ಕನ್ನಡಕದ ಎದುರು ಓರೆ ಹಿಡಿದ. "ಈಗ ನೋಡಿ. ಬೇಗ."

ಮಂಜಿನಲ್ಲಿ, ಹೆಂಗಸಿನ ಪಾದದ ಪಕ್ಕ, ಕೊಕ್ಕು ಮೊದಲು ಕಂಡಿತು. ಆಮೇಲೆ ಬೆನ್ನು, ಬಾಲ. ನೋಡುತ್ತಿದ್ದಂತೆ ಅಂಚಿನಿಂದ ಮಂಜು ಆರಿ ಎಲ್ಲವೂ ಹೋಯಿತು.

"ಎತ್ತೋಣ್ವಾ ಅತ್ತೇ?" ಎಂದ ಅಳಿಯ ಮೆಲ್ಲಗೆ.

"ಒಂದ್ನಿಮಿಷ ತಡಿ."

ಅವಳು ನಾಣ್ಯವನ್ನು ಅಂಚಿನಲ್ಲಿ ಹಿಡಿದು ತೆಗೆದುಕೊಂಡಳು. ಮಂಚದ ಪಕ್ಕ ಕೂತು ಅದರ ಮೇಲೆ ಉಸಿರು ಬಿಟ್ಟು, ಗಂಡನ ಮುಚ್ಚಿದ ಕಣ್ಣುಗಳ ಎದುರು ಓರೆಯಾಗಿ ಹಿಡಿದಳು. ಹಕ್ಕಿ ಬಂದು ಹೋಯಿತು. ಇನ್ನೊಮ್ಮೆ ಉಸಿರು ಬಿಟ್ಟಳು. ಮಂಚದ ಕಾಲುಗಳಿಗೆ ಕೈ ಹಾಕಿ ಬಗ್ಗಿದ್ದವರು ಬಗ್ಗಿಯೇ ಇದ್ದರು.