ಗಾರೆ ಇಲ್ಲದ ಗೋಡೆ

ಪಾಲಿನ ವಿಷಯ ಮಾವ ಎತ್ತಿದ್ದು ಒಂದು ಬೆಳಗ್ಗೆ, ಹಿತ್ತಲಲ್ಲಿ ಅಳತೆಯ ಹಗ್ಗ ಒಣಹಾಕುತ್ತ. ಮೂವತ್ತು ಮಾರಿನ ಹಗ್ಗ, ಮಾರಿಗೊಂದು ಗಂಟು. ಅದನ್ನು ನೆನೆಸಿ, ಎರಡು ಕಂಬಗಳ ನಡುವೆ ಬಿಗಿಯಾಗಿ ಎಳೆದು ಕಟ್ಟಿದ್ದರು. ಹಾಗೆ ಒಣಗಿದ ಹಗ್ಗ ಅಳೆಯುವಾಗ ಹಿಗ್ಗುವುದಿಲ್ಲ.

"ಕಾಲು ಗಟ್ಟಿ ಇರೋವಾಗ್ಲೇ ಹಂಚಿಬಿಡ್ತೀನಿ. ಆಮೇಲೆ ನೀವು ಜಗಳ ಆಡಿದ್ರೆ ನೋಡೋಕೆ ನಾನಿರಲ್ಲ," ಎಂದರು.

"ಜಗಳ ಈಗ್ಲೇ ಆಡ್ತೀವಿ ಬಿಡಿ, ಕೂತ್ಕೊಂಡು ನೋಡಿ," ಎಂದಳು ನನ್ನ ಓರಗಿತ್ತಿ, ಬಟ್ಟೆ ಹಿಂಡುತ್ತ.

ಮೂರು ಪಾಲು. ಒಂದು ದೊಡ್ಡ ಮಗನಿಗೆ, ಅಂದರೆ ನನ್ನ ಭಾವನಿಗೆ. ಒಂದು ಕಿರಿಯ ಮಗಳಿಗೆ. ಅವಳು ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಾಳೆ; ಮನೆಯಲ್ಲಿ ಎಲ್ಲರಿಗೂ ಅವಳು ಸೂಜಿ. ನಡುವಿನದು ನನ್ನ ಗಂಡನ ಪಾಲು. ಅವನು ಹೋಗಿ ಹತ್ತೊಂಬತ್ತು ತಿಂಗಳಾಗಿತ್ತು. ಮೂರು ದಿನದ ಜ್ವರ. ಅವನ ಜಾಗದಲ್ಲಿ ನಾನಿದ್ದೆ.

ಈ ಮನೆತನದಲ್ಲಿ ಒಂದು ಕಟ್ಟಳೆ ಇದೆ. ನೆಲವನ್ನು ಪಾಲು ಕತ್ತರಿಸುವವರು ನಡುವಿನವರು. ಆರಿಸುವಾಗ ಮೊದಲು ಕಿರಿಯರು, ಆಮೇಲೆ ಹಿರಿಯರು, ಕತ್ತರಿಸಿದವರಿಗೆ ಉಳಿದದ್ದು. ಸಾಮಾನು ಹಂಚುವಾಗ ಮಾತ್ರ ಇದು ತಿರುಗುಮುರುಗು: ನೆಲದಲ್ಲಿ ಕೊನೆಗೆ ನಿಂತವರು ಮೊದಲು ಎತ್ತಿಕೊಳ್ಳಬೇಕು. ಮಾವನೂ ಮೂವರಲ್ಲಿ ನಡುವಿನವರೇ. ಅವರ ಕಾಲದಲ್ಲಿ ಅವರೇ ಕತ್ತರಿಸಿದ್ದರು.

"ಯೂನಿವರ್ಸಿಟಿವರೆಗೂ ಓದಿದೀಯಮ್ಮ, ಇದಕ್ಕಾದ್ರೂ ಬರ್ಲಿ," ಎಂದ ಭಾವ. ಕೊಂಕಿಗೆ ಹೇಳಿದ್ದಲ್ಲ. ಅವನಿಗೆ ಬೇರೆ ತರಹ ಮಾತಾಡಲು ಬರುವುದಿಲ್ಲ.

ನಮ್ಮ ನೆಲ ಮೂರು ತರಹ. ಕೆಳಗೆ, ಹಳ್ಳದ ಪಕ್ಕ, ಕಪ್ಪು ಮಣ್ಣು. ಏನು ಹಾಕಿದರೂ ಬರುತ್ತದೆ. ಆದರೆ ನೀರು ಏರಿದಾಗಲೆಲ್ಲ ಹಳ್ಳ ಒಂದಿಷ್ಟು ಅಂಚು ತಿಂದುಹಾಕುತ್ತದೆ. ನಡುವೆ ಬಾವಿಯ ಹೊಲ. ಮೇಲೆ, ಡಾಂಬರು ರಸ್ತೆಗೆ ಅಂಟಿಕೊಂಡು, ಕಲ್ಲುಹೊಲ. ಅದರಲ್ಲಿ ನೇಗಿಲು ಹತ್ತು ಮಾರು ನೆಟ್ಟಗೆ ಹೋದ ದಿನ ಯಾರಿಗೂ ನೆನಪಿಲ್ಲ.

ನನಗೆ ಬೇಕಾಗಿದ್ದದ್ದು ಕಲ್ಲುಹೊಲ.

ಅಲ್ಲಿ ಅವನು ಕಟ್ಟುತ್ತಿದ್ದ ಗೋಡೆ ಇದೆ. ಹೊಲದ ಕೆಲಸ ಇಲ್ಲದ ದಿನಗಳಲ್ಲಿ ಕಲ್ಲು ಆಯ್ದು ತಂದು ಒಂದರ ಮೇಲೊಂದು ಕೂರಿಸುತ್ತಿದ್ದ. ಗಾರೆ ಇಲ್ಲ, ಸಿಮೆಂಟಿಲ್ಲ. ಸಂದಿಗೆ ತುಂಬುವ ಚೂರುಕಲ್ಲು ಕೊಡುವುದು ನನ್ನ ಕೆಲಸ. "ಸಣ್ಣದು ಕೊಡು," ಎಂದು ತಿರುಗಿ ನೋಡದೆ ಕೈ ಚಾಚುತ್ತಿದ್ದ. ನಾಲ್ಕು ವರ್ಷದಲ್ಲಿ ಮೂವತ್ತೆರಡು ಹೆಜ್ಜೆ ಗೋಡೆ ಎದ್ದಿತ್ತು, ಸೊಂಟದೆತ್ತರ. ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ, ಮಾರನೆಯ ದಿನದ ಕಲ್ಲಿಗೆ ಜಾಗ ಬಿಟ್ಟು.

ಕೇಳಿದ್ದರೆ ಕೊಡುತ್ತಿದ್ದರು. ಹತ್ತೊಂಬತ್ತು ತಿಂಗಳಿಂದ ಕೇಳದೆಯೇ ಕೊಡುತ್ತಿದ್ದರು. ಗಾಳಿ ಬರುವ ಕೋಣೆ, ಮೊದಲ ತಟ್ಟೆ, ನಾನು ಒಳಗೆ ಬಂದಾಗ ತಗ್ಗುವ ದನಿ. ಇದೊಂದನ್ನು ಹಾಗೆ ತೆಗೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಅಳತೆಗೆ ಎರಡು ದಿನ ಹಿಡಿಯಿತು. ಹಗ್ಗದ ಒಂದು ತುದಿ ಭಾವನ ಕೈಯಲ್ಲಿ, ಇನ್ನೊಂದು ಓರಗಿತ್ತಿಯ ಕೈಯಲ್ಲಿ. ನಾನು ಬರೆದುಕೊಳ್ಳುತ್ತಿದ್ದೆ. ಮಾವ ಬದುವಿನ ಮೇಲೆ ಕೂತು ಇಬ್ಬರನ್ನೂ ಬೈಯುತ್ತಿದ್ದರು.

"ಹಗ್ಗ ಜೋತುಬಿದ್ದಿದೆ, ಎಳಿಯೋ!"

"ಎಳೀತಾನೇ ಇದೀನಪ್ಪ. ಇವಳು ಆ ಕಡೆಯಿಂದ ಬಿಟ್ಟುಕೊಡ್ತಿದಾಳೆ."

"ಮದುವೆಯಾದಾಗಿಂದ ಬಿಟ್ಟುಕೊಡ್ತಾನೇ ಇದೀನಿ," ಎಂದು ಓರಗಿತ್ತಿ ಅಲ್ಲಿಂದಲೇ ಕೂಗಿದಳು. "ಇವತ್ತು ಕಣ್ಣಿಗೆ ಬಿತ್ತಾ ನಿಮಗೆ?"

ಮಾವ ನಕ್ಕರು. ನಾನು ಗಂಟು ಎಣಿಸಿ ಬರೆದೆ.

ಮೊದಲ ಪಾಲುಪಟ್ಟಿ ಮಾಡುವುದು ಕಷ್ಟವಾಗಲಿಲ್ಲ. ಕಪ್ಪು ಮಣ್ಣು ಪೂರ್ತಿ ಒಂದು ಪಾಲು. ಬಾವಿಯ ಹೊಲ ಪೂರ್ತಿ ಇನ್ನೊಂದು. ಕಲ್ಲುಹೊಲ, ಜೊತೆಗೆ ಮನೆ ಹಿಂದಿನ ನಿಂಬೆಗಿಡಗಳ ಪಟ್ಟಿ, ಮೂರನೆಯದು. ಇಬ್ಬರೂ ಮೂರನೆಯದನ್ನು ಮುಟ್ಟುವುದಿಲ್ಲ, ಅದು ನನಗೆ ಉಳಿಯುತ್ತದೆ. ಹೊಟ್ಟೆಪಾಡಿಗೆ ಶಾಲೆಯಲ್ಲೋ ಕಚೇರಿಯಲ್ಲೋ ಏನಾದರೂ ಹುಡುಕಿಕೊಳ್ಳಬಹುದು ಎಂದುಕೊಂಡಿದ್ದೆ. ಅದಕ್ಕಿಂತ ಮುಂದಕ್ಕೆ ಯೋಚಿಸಿರಲಿಲ್ಲ.

ಮಾವ ಕನ್ನಡಕ ಹಾಕಿಕೊಂಡು ಕಾಗದ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನಾಲ್ಕಾಗಿ ಮಡಿಸಿ ನನ್ನ ಕೈಗೇ ಕೊಟ್ಟರು.

"ಇದು ಪಾಲಲ್ಲ."

"ಅಳತೆ ಸರಿಯಿದೆ ಮಾವ."

"ಅಳತೆ ಸರಿಯಿದೆ. ಇಬ್ಬರಿಗೆ ಊಟ ಹಾಕಿ ನೀನು ತಟ್ಟೆ ತೊಳೆಯೋಕೆ ಎದ್ದಿದೀಯ, ಅಷ್ಟೇ." ಕನ್ನಡಕ ತೆಗೆದು ಒರೆಸಿಕೊಂಡರು. "ನಾನೂ ಇದನ್ನೇ ಮಾಡಿದ್ದೆ ಕಣಮ್ಮ. ಕಲ್ಲುಹೊಲ ನಂಗೆ ಹೆಂಗೆ ಬಂತು ಅನ್ಕೊಂಡೆ? ದೊಡ್ಡ ಮನಸ್ಸು ತೋರಿಸೋಕೆ ಹೋದೆ. ಎಲ್ಲರೂ ಹೊಗಳಿದ್ರು. ಆದ್ರೆ ನಮ್ಮಣ್ಣ ಆಮೇಲೆ ನಮ್ಮನೆಗೆ ಬರೋದು ಬಿಟ್ಟ. ಬಂದ್ರೂ ಹೊಸಿಲು ದಾಟ್ತಿರ್ಲಿಲ್ಲ, ನೀರು ಕೊಟ್ರೆ ಬೇಡ ಅಂತಿದ್ದ. ನನ್ನ ಮುಖ ನೋಡಿದಾಗೆಲ್ಲ ಅವನಿಗೆ ತಾನು ಕಳ್ಳ ಅನ್ಸೋದು. ಕೆಳಗಿನ ಎರಡೂ ಹೊಲ ನಾನು ಆಮೇಲೆ ಅವರಿಂದಲೇ ಕೊಂಡೆ, ಇಬ್ಬರೂ ಈ ಕಡೆ ಇರೋಕಾಗ್ದೆ ಮಾರಿಬಿಟ್ಟು ಹೋದ್ಮೇಲೆ."

ನಾನು ಮಡಿಸಿದ ಕಾಗದವನ್ನು ಬಿಡಿಸಿದೆ.

"ನಿಂಗೆ ಬೇಡದಿರಬಹುದು. ಆದ್ರೆ ಇವರಿಬ್ಬರೂ ನಾಳೆ ನಿನ್ನೆದುರು ತಲೆಯೆತ್ತಿ ಓಡಾಡ್ಬೇಕು. ಮೂರರಲ್ಲಿ ಯಾವುದು ಬಂದ್ರೂ ಸೈ ಅನ್ನೋ ಹಾಗೆ ಮಾಡ್ಕೊಂಡು ಬಾ."

ಎರಡನೆಯ ಪಟ್ಟಿಗೆ ಆರು ದಿನ ಹಿಡಿಯಿತು. ಕಲ್ಲುಹೊಲ ಯಾರಾದರೂ ಒಪ್ಪುವ ಪಾಲಾಗಬೇಕಾದರೆ ಅದಕ್ಕೆ ಬಾವಿ ಸೇರಬೇಕಿತ್ತು. ಬಾವಿ ಸೇರಿದರೆ ಅದು ನನಗೆ ಉಳಿಯುತ್ತದೆ ಎನ್ನುವಂತಿರಲಿಲ್ಲ. ಎರಡು ಸಲ ಬಾವಿಯನ್ನು ಗೆರೆಯ ಆ ಕಡೆ ಹಾಕಿ ನೋಡಿದೆ. ಎರಡು ಸಲವೂ ತಕ್ಕಡಿ ಒಂದೇ ಕಡೆ ವಾಲಿತು. ಆರನೆಯ ದಿನ ಬಾವಿಯನ್ನು ಕಲ್ಲುಹೊಲದ ಜೊತೆ ಸೇರಿಸಿ ಗೆರೆ ಎಳೆದೆ.

ಒಂದನೆಯದು: ಬಾವಿಯ ಹೊಲದ ದೊಡ್ಡ ಭಾಗ, ನಿಂಬೆಗಿಡ, ಕೊಟ್ಟಿಗೆ. ಎರಡನೆಯದು: ಬಾವಿ, ಅದರ ಸುತ್ತಲಿನ ಪಟ್ಟಿ, ಕಲ್ಲುಹೊಲ. ಮೂರನೆಯದು: ಹಳ್ಳದ ಪಕ್ಕದ ಕಪ್ಪು ಮಣ್ಣು. ಬಾವಿ ಯಾರದಾದರೂ ನೀರು ಮೂವರಿಗೂ. ಮನೆ ಮಾವ ಇರುವವರೆಗೆ ಎಲ್ಲರದು.

ಮಾವ ನೋಡಿದರು. "ಇದು ಪಾಲು," ಎಂದರು.

ಭಾನುವಾರ ಮಧ್ಯಾಹ್ನ ಸೂಜಿ ಪೇಟೆಯಿಂದ ಬಂದಳು. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದಳು. ಮೇಜಿನ ಮೇಲೆ ಕಾಗದ ಹರಡಿದೆ. ಅವಳು ಬೆರಳಿಟ್ಟು ಒಂದೊಂದೇ ಓದಿದಳು.

"ನಂಗೆ ಎರಡನೇದು," ಎಂದಳು.

"ಯೋಚನೆ ಮಾಡು. ಕಲ್ಲುಹೊಲ ಅದು," ಎಂದ ಭಾವ.

"ಅದಕ್ಕೇ ಅಣ್ಣ. ನಾನೇನು ಉಳ್ತೀನಾ? ರಸ್ತೆ ಪಕ್ಕ ಅಂಗಡಿ, ಹಿಂದೆ ಎರಡು ಕೋಣೆ ಹಾಕ್ಕೊಂಡ್ರೆ ಬಾಡಿಗೆ ಮನೆ ತಪ್ಪುತ್ತೆ. ನೆಲ ಗಟ್ಟಿಯಿದೆ, ಬಾವಿ ನೀರಿದೆ. ಪಾಯಕ್ಕೆ ಕಲ್ಲೂ ಬೇಕಾದಷ್ಟಿದೆ ಅಲ್ಲಿ, ಆಯ್ದು ಜೋಡಿಸಿಟ್ಟ ಹಾಗೆ."

ಜೋಡಿಸಿಟ್ಟ ಕಲ್ಲು ಎಂದರೆ ಯಾವುದು ಎನ್ನುವುದು ಹೇಳಿದ ಅವಳಿಗೇ ಹೊಳೆದಿರಲಿಲ್ಲ. ರಸ್ತೆಯಿಂದ ಬಸ್ಸಿನಲ್ಲಿ ಹೋಗುವಾಗ ನೋಡಿದ್ದಷ್ಟೇ ಅವಳು.

ನಾನು ‘ಎರಡನೆಯದು, ಮಗಳು’ ಎಂದು ಬರೆದುಕೊಂಡೆ. ಅಕ್ಷರ ನೆಟ್ಟಗೆ ಬಂದವು.

ಭಾವ ಒಂದನೆಯದನ್ನು ತೆಗೆದುಕೊಂಡ. ನನಗೆ ಮೂರನೆಯದು ಉಳಿಯಿತು.

"ಒಳ್ಳೇ ನೆಲ ಕಣೇ ನಿಂದು," ಎಂದಳು ಓರಗಿತ್ತಿ. ನಿಜ. ಒಳ್ಳೆಯ ನೆಲ. ನಾನೇ ಅಳೆದು ಹಾಗೆ ಮಾಡಿದ್ದು.

ಚಹಾ ಆದ ಮೇಲೆ ಸಾಮಾನು. ಮಾವ ಮನೆಯಲ್ಲೆಲ್ಲ ತಿರುಗುತ್ತ ಒಂದೊಂದೇ ಹೇಳಿದರು, ನಾನು ಹಿಂದೆ ಹಿಂದೆ ಬರೆದುಕೊಂಡೆ. ಟ್ರ್ಯಾಕ್ಟರು, ಟ್ರೇಲರು, ನೀರೆತ್ತುವ ಪಂಪು, ದೊಡ್ಡ ಅಡುಗೆ ಪಾತ್ರೆಗಳು, ಕಬ್ಬಿಣದ ಪೆಟ್ಟಿಗೆ, ಎರಡು ಗುದ್ದಲಿ, ಮೂರು ಹಾರೆ. ಪಡಸಾಲೆಯಲ್ಲಿ ಅಪ್ಪ ಮಗನಿಗೆ ಸಣ್ಣದೊಂದು ವಾದವಾಯಿತು.

"ಈ ಗೋಡೆ ಕಪಾಟು ಬರಿಯಮ್ಮ," ಎಂದ ಭಾವ.

"ಬರೀಬೇಡ. ಮೊಳೆ ಹೊಡೆದಿದ್ದು ಮನೆಗೆ ಸೇರ್ತು. ಒರಗಿಸಿದ್ದು, ಇಟ್ಟಿದ್ದು, ಪೇರಿಸಿದ್ದು ಸಾಮಾನು. ನಮ್ಮಪ್ಪನ ಕಾಲದಿಂದ ಹಂಗೇ."

"ಹಂಗಾದ್ರೆ ಗಡಿಯಾರ? ಮೊಳೆಗೆ ನೇತಾಡ್ತಿದೆಯಲ್ಲ."

"ಗಡಿಯಾರ ಸಾಮಾನು. ಮೊಳೆ ಮನೇದು."

"ಸರಿಹೋಯ್ತು. ಗಡಿಯಾರ ತಗೊಂಡೋರು ಕೈಲಿ ಹಿಡ್ಕೊಂಡು ನಿಂತಿರ್ಲಿ," ಎಂದಳು ಸೂಜಿ.

ನಾನು ಏಣಿ ಬರೆದೆ. ಏಣಿ ಒರಗಿಸಿದ್ದು. ಅಂಗಳದ ಸೌದೆ ಬರೆದೆ. ಸೌದೆ ಪೇರಿಸಿದ್ದು. ಅಲ್ಲಿ ನಿಂತೆ. ಇನ್ನೂ ಒಂದು ಇತ್ತು. ಅದನ್ನೂ ಬರೆದೆ.

ಎಲ್ಲರೂ ಮೇಜಿನ ಸುತ್ತ ಕೂತರು. ಮೊದಲ ಸರದಿ ನನ್ನದು. ಭಾವ ಟ್ರ್ಯಾಕ್ಟರ್ ಹೋಯಿತೆಂದೇ ಮುಖ ಸಿದ್ಧಮಾಡಿಕೊಂಡಿದ್ದ.

"ಗೋಡೆ," ಎಂದೆ.

"ಯಾವ ಗೋಡೆ?"

"ಕಲ್ಲುಹೊಲದ್ದು."

ಓರಗಿತ್ತಿ ಪಟ್ಟಿಯ ಮೇಲೆ ಬಗ್ಗಿ ನೋಡಿದಳು. ಆಮೇಲೆ ಭಾವ ಗಂಟಲು ಸರಿಮಾಡಿಕೊಂಡ. "ನೋಡಮ್ಮ, ತಪ್ಪು ತಿಳೀಬೇಡ. ಗೋಡೆ ನೆಲಕ್ಕೆ ಸೇರಿದ್ದಲ್ವಾ. ನೆಲ ಈಗ ಇವಳದು."

"ಗಾರೆ ಹಾಕಿಲ್ಲ ಭಾವ. ಬರೀ ಪೇರಿಸಿದ್ದು."

ಭಾವ ಅಪ್ಪನ ಕಡೆ ನೋಡಿದ. ಮಾವ ನನ್ನನ್ನೇ ನೋಡುತ್ತಿದ್ದರು. ಮಡಿಸಿ ವಾಪಸು ಕೊಟ್ಟಿದ್ದ ಮೊದಲ ಪಟ್ಟಿಯನ್ನು ಈಗ ಮತ್ತೆ ಓದುತ್ತಿರುವ ಹಾಗಿತ್ತು.

"ಪೇರಿಸಿದ್ದು ಸಾಮಾನು," ಎಂದರು. "ಅವಳದು."

ಸೂಜಿಯ ಮುಖ ಕೆಂಪಾಗಿತ್ತು. "ಅತ್ತಿಗೆ, ನಂಗೆ ಹೊಳೀಲೇ ಇಲ್ಲ. ಸಣ್ಣಣ್ಣನ ಗೋಡೆ ಕಿತ್ತು ಪಾಯಕ್ಕೆ ಹಾಕ್ತೀನಿ ಅಂದೆನಲ್ಲ, ನನ್ನ ಬಾಯಿಗಿಷ್ಟು! ಒಂದ್ಮಾತು ಹೇಳಿದ್ರೆ ನಾನು ಆ ಪಾಲೇ ಮುಟ್ತಿರ್ಲಿಲ್ಲ. ಈಗ್ಲೂ ಬದಲಾಯಿಸ್ಕೊಳ್ಳೋಣ. ಹೊಲ ನೀವೇ ತಗೊಳ್ಳಿ, ನಂಗೆ ಹಳ್ಳದ್ದು ಸಾಕು."

"ಹಳ್ಳದ ಪಕ್ಕ ಯಾರು ಬಟ್ಟೆ ಹೊಲಿಸೋಕೆ ಬರ್ತಾರೆ, ಸೂಜಿ?" ಎಂದೆ.

ನಾನು ತಮಾಷೆ ಮಾಡಿ ಬಹಳ ದಿನವಾಗಿತ್ತು. ನಗಬಹುದೋ ಬೇಡವೋ ಎಂದು ಅವರಿಗೆ ಗೊತ್ತಾಗಲಿಲ್ಲ. ಓರಗಿತ್ತಿ ಮೊದಲು ನಕ್ಕಳು.

"ಪಾಲು ಸರಿಯಿದೆ, ಹಾಗೇ ಇರ್ಲಿ," ಎಂದೆ. "ಹಳ್ಳ ಪ್ರತಿಸಲ ಅಂಚು ತಿನ್ನುತ್ತೆ. ಅಲ್ಲಿ ಗೋಡೆ ಬೇಕು."

ಭಾವ ಟ್ರ್ಯಾಕ್ಟರ್ ತೆಗೆದುಕೊಂಡ. ತೆಗೆದುಕೊಂಡ ಕೂಡಲೇ ಹೇಳಿದ: "ಟ್ರೇಲರಲ್ಲಿ ಕಲ್ಲು ಹಳ್ಳದ ಹತ್ರ ಇಳಿಸಿಕೊಡ್ತೀನಿ. ಎಷ್ಟು ಸಲ ಆದ್ರೂ ಸರಿ."

ಮರುದಿನದಿಂದಲೇ ಶುರುಮಾಡಿದೆವು. ಮೊದಲ ಕಲ್ಲು ತೆಗೆದಾಗಲೇ ನನಗೆ ಗೊತ್ತಾಯಿತು, ಇದು ಹೀಗೆ ಆಗುವುದಿಲ್ಲ ಎಂದು. ನಾಲ್ಕು ಕಲ್ಲು ಕೆಳಗಿಟ್ಟರೆ ಯಾವುದು ಎಲ್ಲಿತ್ತು ಎನ್ನುವುದೇ ಮರೆಯುತ್ತಿತ್ತು. ಟ್ರೇಲರಿಗೆ ಹೇರಿದ ಮೇಲೆ ಅದು ಬರೀ ಕಲ್ಲಿನ ರಾಶಿ.

ಸೂಜಿ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಚೀಲಕ್ಕೆ ಕೈಹಾಕಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಚಪ್ಪಟೆ ಬಿಲ್ಲೆ ತೆಗೆದಳು.

"ಕೋಟು ಬಿಚ್ಚಿ ಹೊಲೀಬೇಕಾದ್ರೆ ನಾವು ಸುಮ್ನೆ ಬಿಚ್ಚಲ್ಲ ಅತ್ತಿಗೆ. ಎದೆ ಯಾವುದು, ಬೆನ್ನು ಯಾವುದು, ತೋಳು ಎಲ್ಲಿ ಸೇರುತ್ತೆ, ಎಲ್ಲದಕ್ಕೂ ಗುರುತು. ಸ್ವಲ್ಪ ಸರ್ಕೊಳ್ಳಿ."

ಅವಳು ಗೋಡೆಗೆ ಗೆರೆ ಎಳೆದಳು. ಸಾಲಿಗೆ ಒಂದು ಅಕ್ಷರ, ಕಲ್ಲಿಗೆ ಒಂದು ಅಂಕೆ. ಮುಂದಿನ ಮುಖಕ್ಕೆ ಬಾಣದ ಗುರುತು. ಎರಡು ದಿನ ಅಂಗಡಿ ಮುಚ್ಚಿ ಬರೀ ಇದನ್ನೇ ಮಾಡಿದಳು. ಮೂರು ಬಣ್ಣದ ಬಿಲ್ಲೆ ಸವೆದುಹೋದವು. ಚೂರುಕಲ್ಲಿಗೆ ಮಾತ್ರ ಗುರುತು ಬೇಡ ಎಂದೆ. ಅವನ್ನು ಮೂರು ಬುಟ್ಟಿಯಲ್ಲಿ ತುಂಬಿದೆ.

ಹಳ್ಳದ ಅಂಚಿನಲ್ಲಿ ಗೋಡೆ ಮತ್ತೆ ಏಳಲು ಒಂದೂವರೆ ತಿಂಗಳು ಬೇಕಾಯಿತು. ಭಾವ ಭಾರದ ಕಲ್ಲು ಎತ್ತಿ ಕೊಡುತ್ತಿದ್ದ, ಕೂರಿಸುವುದು ನಾನೇ. ಒಮ್ಮೊಮ್ಮೆ ಅಂಕೆ ಸರಿಯಿದ್ದರೂ ಕಲ್ಲು ಕೂರುತ್ತಿರಲಿಲ್ಲ. ಕೆಳಗಿನ ನೆಲ ಬೇರೆ. ಆಗ ತಿರುಗಿಸಿ ಬೇರೆ ಮುಖ ನೋಡಬೇಕಾಗುತ್ತಿತ್ತು. ಬಾಣ ಒಳಗೆ ಹೋದ ಕಲ್ಲುಗಳು ಹತ್ತಕ್ಕಿಂತ ಹೆಚ್ಚಿವೆ.

ಮೂವತ್ತೆರಡನೆಯ ಹೆಜ್ಜೆಗೆ ಗೋಡೆ ಮುಗಿಯಿತು. ತುದಿ ಅಲ್ಲಿದ್ದ ಹಾಗೆಯೇ ಮೆಟ್ಟಿಲಾಗಿ ಇಳಿದಿತ್ತು. ಅಂಚು ಇನ್ನೂ ಹತ್ತೊಂಬತ್ತು ಹೆಜ್ಜೆ ಬಾಕಿ ಇತ್ತು. ಹಳ್ಳಕ್ಕೆ ನೀರು ಏರಲು ಹೆಚ್ಚು ದಿನ ಇರಲಿಲ್ಲ.

ಆ ದಿನ ಭಾವ ಬಂದಿರಲಿಲ್ಲ. ಮಾವ ಬುಟ್ಟಿಯ ಪಕ್ಕ ಕಾಲು ಚಾಚಿ ಕೂತಿದ್ದರು.

"ಇಲ್ಲಿಗೆ ಸಾಕಾ?" ಎಂದು ಕೇಳಿದರು.

ನಾನು ಹಳ್ಳಕ್ಕೆ ಇಳಿದು ಒಂದು ಕಲ್ಲು ಹುಡುಕಿದೆ. ಗುರುತಿಲ್ಲದ್ದು. ಹೊತ್ತು ತಂದು ಕೊನೆಯ ಮೆಟ್ಟಿಲ ಮೇಲಿಟ್ಟೆ. ಅಲುಗಾಡಿತು. ತಿರುಗಿಸಿ ಇಟ್ಟೆ. ಒಂದು ಮೂಲೆಯಲ್ಲಿ ಸಂದಿ ಉಳಿಯಿತು.

ಕೈ ಚಾಚಿದೆ. "ಸಣ್ಣದು ಕೊಡಿ ಮಾವ."

ಅವರು ಬುಟ್ಟಿಯಲ್ಲಿ ತಡಕಾಡಿ ಒಂದನ್ನು ಆರಿಸಿ ಕೊಟ್ಟರು. ಅದು ದೊಡ್ಡದಾಯಿತು. ಇನ್ನೊಂದು ಕೊಟ್ಟರು.