ಅಕ್ಕನ ರಿಂಗ್‌ಟೋನ್

ಟೀಚರಮ್ಮನ ತಲೆಗೆ ಅರ್ಧ ಬಣ್ಣ ಹಚ್ಚಿ ಆಗಿತ್ತು. ಕಿಟಕಿಯ ಮೇಲಿಟ್ಟಿದ್ದ ಫೋನು ಇದ್ದಕ್ಕಿದ್ದಂತೆ ಬೌ ಬೌ ಎಂದು ಬೊಗಳತೊಡಗಿತು.

"ನಾಯಿ ಒಳಗೆ ಬಂತೇನೇ?" ಟೀಚರಮ್ಮ ಕುರ್ಚಿಯಲ್ಲೇ ಬೆಚ್ಚಿದರು.

"ಇಲ್ಲ ಟೀಚರ್, ನಮ್ಮಕ್ಕ," ಎಂದಳು ತಂಗಿ, ಬ್ರಷ್ಷು ನಿಲ್ಲಿಸದೆ.

ಟೀಚರಮ್ಮ ಮೈ ಕುಲುಕಿಸಿ ನಕ್ಕರು. ಹಿಂದೊಮ್ಮೆ ತನ್ನ ಬ್ಯೂಟಿ ಪಾರ್ಲರಿನಲ್ಲಿ ನಾಲ್ಕು ಜನರೆದುರು ಅವರ ಕೂದಲು ಹಿಡಿದು, "ಈ ಹುಲ್ಲಿಗೆ ಎಷ್ಟು ಬಳಿದರೂ ಅಷ್ಟೇ" ಎಂದಿದ್ದಳು ಅಕ್ಕ. ಅವತ್ತಿನಿಂದ ಅವರು ಅತ್ತ ತಲೆ ಹಾಕಿರಲಿಲ್ಲ. ಗುಟ್ಟಾಗಿ ತಂಗಿಯನ್ನೇ ಮನೆಗೆ ಕರೆಸಿಕೊಂಡಿದ್ದರು.

ಕೆಲಸ ಕಲಿಸಿದವಳು ಅಕ್ಕನೇ. ಫೋನು ಕೊಡಿಸಿದವಳೂ ಅವಳೇ. "ಮನೆ ಮನೆ ಸುತ್ತೋಳು, ಹುಷಾರಿಗೆ ಇರಲಿ" ಎಂದು ಅದರಲ್ಲಿ ಜಿಪಿಎಸ್ ಹಾಕಿಸಿದ್ದಳು. ಅಂದಿನಿಂದ ತಂಗಿ ಅಕ್ಕನ ಫೋನಿನಲ್ಲೊಂದು ನೀಲಿ ಚುಕ್ಕೆ. ಚುಕ್ಕೆ ಎಲ್ಲಾದರೂ ಸ್ವಲ್ಪ ನಿಂತರೆ ಸಾಕು, "ಅಲ್ಲೇನು ಕಡಿದು ಕಟ್ಟೆ ಹಾಕ್ತಿದ್ದೀಯಾ?" ಎಂದು ಫೋನು. ಎದುರಾಡುವ ಧೈರ್ಯವಿಲ್ಲದ ತಂಗಿ ಅಕ್ಕನ ನಂಬರಿಗೆ ನಾಯಿಯ ದನಿ ಇಟ್ಟು ಸಮಾಧಾನಪಟ್ಟುಕೊಂಡಿದ್ದಳು. ಇವತ್ತು ಹಲ್ಲುನೋವೆಂದು ಸುಳ್ಳು ಹೇಳಿ ಬಂದವಳು ಜಿಪಿಎಸ್ ಆರಿಸುವುದನ್ನೇ ಮರೆತಿದ್ದಳು.

ಬಾಗಿಲು ದೂಡಿಕೊಂಡು ಅಕ್ಕ ಒಳಬಂದಳು. ಅವಳ ಫೋನು ಇನ್ನೂ ಕಿವಿಯಲ್ಲಿತ್ತು, ಕಿಟಕಿಯ ಮೇಲೆ ನಾಯಿ ಬೊಗಳುತ್ತಲೇ ಇತ್ತು. ಅಕ್ಕ ಕರೆ ಕತ್ತರಿಸಿದಳು. ಸದ್ದು ನಿಂತಿತು. ಮತ್ತೆ ಒತ್ತಿದಳು. ಮತ್ತೆ ಬೊಗಳಿತು.

"ಓಹೋ. ನಾನು ನಾಯೀನಾ?"

"ಮತ್ತೆ, ಮೂಸಿಕೊಂಡು ಬಂದೋರು ಯಾರು?" ತಂಗಿಯ ಬಾಯಿ ಜಾರಿಬಿಟ್ಟಿತು.

"ಬಾಚಣಿಗೆ ಹಿಡಿಯೋಕೆ ಬರ್ತಿರಲಿಲ್ಲ ನಿಂಗೆ. ಕೈ ಹಿಡಿದು ಕಲಿಸಿದೆ. ಉಂಡ ಮನೆ ಗಳ ಎಣಿಸ್ತೀಯಾ?"

"ಕಲಿಸಿದೆ. ದಿನಾ ಹಂಗಿಸಿದೋಳೂ ನೀನೇ."

"ಅಮ್ಮಾ, ಜಗಳ ಆಮೇಲೆ ಆಡ್ಕೊಳ್ಳಿ, ನನ್ನ ತಲೆ..." ಎಂದರು ಟೀಚರಮ್ಮ.

"ನಿಮ್ಮ ತಲೆ ಹಾಳಾಗಲಿ!"

ಅಕ್ಕ ಬ್ರಷ್ಷು ಕಿತ್ತುಕೊಂಡಳು. ತಂಗಿಯ ಬೆರಳುಗಳಿಂದ ಕೈಗವಸುಗಳನ್ನು ಎಳೆದಳು. ನೆಲಕ್ಕೆ ಹಾಸಿದ್ದ ಹಳೇ ಪೇಪರಿನ ಮೇಲೆ ಬಣ್ಣ ಸುರಿದು ಬಟ್ಟಲು ಎತ್ತಿಕೊಂಡಳು. ಟೀಚರಮ್ಮನ ಕೊರಳಿಗೆ ಕಟ್ಟಿದ್ದ ಪ್ಲಾಸ್ಟಿಕ್ ಬಟ್ಟೆಯನ್ನೂ ಬಿಡಲಿಲ್ಲ. ಎಲ್ಲವೂ ಅವಳ ಪಾರ್ಲರಿನವು. ಕಡೆಗೆ ಫೋನನ್ನು ಬ್ಯಾಗಿಗೆ ತುರುಕಿದಳು.

"ಅಂಗಡಿ ಮೆಟ್ಟಿಲು ಹತ್ತಬೇಡ. ಮನೆ ಹೊಸಿಲೂ ತುಳೀಬೇಡ."

ಬಾಗಿಲು ದಡಾರೆಂದಿತು. ನೀಲಿ ಚುಕ್ಕೆ ಇನ್ನು ಅಕ್ಕನ ಬೆನ್ನಿಗೇ ಅಲೆಯಬೇಕಿತ್ತು.

ತಂಗಿ ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟು ನಿಂತಳು. ಹಿಂದೆಯೇ ಓಡಿ ಕಾಲಿಗೆ ಬೀಳಬೇಕೋ, ಜುಟ್ಟು ಹಿಡಿದು ಎಳೆಯಬೇಕೋ ತಿಳಿಯಲಿಲ್ಲ. ಟೀಚರಮ್ಮ ಕನ್ನಡಿ ನೋಡಿಕೊಂಡರು. ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ.

"ಹೀಗೇ ಬಿಟ್ಟು ಹೋಗಬೇಡ ಕಣೇ," ಎಂದರು ಸಣ್ಣ ದನಿಯಲ್ಲಿ.

ತಂಗಿ ಕುಕ್ಕರುಗಾಲಲ್ಲಿ ಕೂತು ಪೇಪರಿನಿಂದ ಬಣ್ಣವನ್ನು ಬರಿಗೈಯಲ್ಲಿ ಬಳಿದುಕೊಂಡಳು. ಒಂದೊಂದೇ ಎಳೆ ಬಿಡಿಸಿ, ಬೇರಿನಿಂದ ತುದಿಯವರೆಗೆ ಹಚ್ಚಿದಳು.

ಆಮೇಲೆ ಹಿತ್ತಲ ನಲ್ಲಿಯ ಕೆಳಗೆ ಸೋಪು ಹಾಕಿ ಕೈ ತಿಕ್ಕಿದಳು. ಅಂಗೈ ತುಸು ತಿಳಿಯಾಯಿತು. ಉಗುರುಗಳು ಮಾತ್ರ ಬೇರುಸಮೇತ ಕಪ್ಪಾಗಿದ್ದವು. ಟೀಚರಮ್ಮ ಟವೆಲು ಹಿಡಿದು ಪಕ್ಕದಲ್ಲೇ ನಿಂತಿದ್ದರು. ಅವಳು ಮತ್ತೆ ಸೋಪು ಎತ್ತಿಕೊಂಡಳು.