ನಲವತ್ತೊಂದು ಶಾಲೆ, ಕಕ್ಕಸಿಗೆ ಬಾಗಿಲಿಲ್ಲ

"ಬ್ಯಾಡ್ಜ್ ಇಲ್ದೋರಿಗೆ ಬಾಗಿಲು ತೆಗೆಯಲ್ಲ ಅಂತ ಎಷ್ಟು ಸಲ ಬಡ್ಕೋಬೇಕು ನಾನು? ಕಿವಿ ಕೇಳಲ್ವಾ ನಿಮಗೆ?"

ಬಾಗಿಲ ಪಕ್ಕದ ಗೋಡೆಗೆ ಹಾಕಿದ್ದ ಸ್ಪೀಕರ್ ಡಬ್ಬಿಯೊಳಗಿಂದ ಶಾಲೆಯ ಆಫೀಸಿನ ಮಿಸೆಸ್ ಹ್ಯಾಸ್ಕೆಲ್ ಕಿರುಚುತ್ತಿದ್ದಳು. ಗಾಜಿನ ಬಾಗಿಲಿನ ಈಚೆ ಮಿಸ್ ಅರ್ನೆಸ್ಟೀನ್ ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದಳು. ಅರವತ್ತೆರಡು ವರ್ಷದ ಹೆಂಗಸು, ಮೈತುಂಬ ಸಕ್ಕರೆ ಕಾಯಿಲೆ. ತಾನು ಓಡಿಸುವ ಶಾಲಾ ಬಸ್ಸಿನಿಂದ ಐವತ್ತನಾಲ್ಕು ಮಕ್ಕಳನ್ನು ಇಳಿಸಿ ಆಗಷ್ಟೇ ಅದೇ ಬಾಗಿಲಿನಿಂದ ಒಳಗೆ ಕಳಿಸಿದ್ದಳು.

"ಒಂದಕ್ಕೋಗ್ಬೇಕು ಕಣ್ ತಾಯಿ. ಎರಡು ನಿಮಿಷ. ತಡ್ಕೊಳಾಕಾಯ್ತಿಲ್ಲ."

"ನಿಮ್ಮ ಕಂಪನಿಯೋರನ್ನ ಕೇಳ್ಕೊಳ್ಳಿ."

ಕಂಪನಿ! ನಾಲ್ಕು ವರ್ಷದ ಹಿಂದಿನವರೆಗೆ ನಾವು ಡ್ರೈವರ್‌ಗಳೂ ಜಿಲ್ಲೆಯ ಶಾಲೆಗಳ ನೌಕರರೇ. ಆಮೇಲೆ ಶಾಲಾ ಮಂಡಳಿ ಬಸ್ಸುಗಳನ್ನು ಗುತ್ತಿಗೆಗೆ ಕೊಟ್ಟಿತು. ಅದೇ ಹಳದಿ ಬಸ್ಸು, ಅದೇ ಸೀಟು, ಅದೇ ಮಕ್ಕಳು. ಕೊರಳಲ್ಲಿದ್ದ ಬ್ಯಾಡ್ಜನ್ನು ಮಾತ್ರ ಕಿತ್ತುಕೊಂಡರು. ಊರಿನಲ್ಲಿ ನಲವತ್ತೊಂದು ಶಾಲೆಗಳಿವೆ, ಒಂದರಲ್ಲೂ ನಾವು ಕಕ್ಕಸಿಗೆ ಹೋಗುವಂತಿಲ್ಲ. ನಮಗಿರುವ ಕಕ್ಕಸು ಬಸ್ಸು ನಿಲ್ಲುವ ಡಿಪೋದಲ್ಲಿದೆ, ಹನ್ನೊಂದು ಮೈಲಿ ದೂರ. ಒಂದು ಶಾಲೆಗೂ ಮುಂದಿನ ಶಾಲೆಯ ಸುತ್ತಿಗೂ ನಡುವೆ ಹದಿನಾಲ್ಕು ನಿಮಿಷ. ಹೀಗಾಗಿ ಡ್ರೈವರ್‌ಗಳಾರೂ ಬೆಳಿಗ್ಗೆ ಎದ್ದಮೇಲೆ ಗುಟುಕು ನೀರು ಕುಡಿಯುವುದಿಲ್ಲ. ವಯಸ್ಸಾದವರು ಕೂಸುಗಳ ಹಾಗೆ ಡೈಪರ್ ಕಟ್ಟಿಕೊಂಡು ಬರುತ್ತಾರೆ. ನನಗೆ ನಲವತ್ತು ತುಂಬಿದೆ, ನನ್ನ ಸರದಿಯೂ ದೂರವಿಲ್ಲ.

ಮಿಸ್ ಅರ್ನೆಸ್ಟೀನ್‌ಳ ಬಸ್ಸಿನ ಹಿಂದೆಯೇ ನನ್ನ ಬಸ್ಸು ನಿಂತಿತ್ತು. ಮಕ್ಕಳು ಇಳಿದ ಮೇಲೆ ಡ್ರೈವರ್ ಕೊನೆಯ ಸೀಟಿನವರೆಗೆ ನಡೆಯಬೇಕು, ಹದಿಮೂರು ಸಾಲಿನ ಕೆಳಗೂ ಬಗ್ಗಿ ನೋಡಬೇಕು, ಹಿಂಬದಿಯ ಗುಂಡಿ ಒತ್ತಬೇಕು. ಯಾವ ಮಗುವೂ ನಿದ್ದೆಹೋಗಿ ಉಳಿದುಬಿಡಬಾರದಲ್ಲ. ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಮಿಸ್ ಅರ್ನೆಸ್ಟೀನ್ ಅದನ್ನು ತಪ್ಪಿಸಿದ್ದೇ ಇಲ್ಲ. ಆವತ್ತು ತಪ್ಪಿಸಿದಳು. ಎಂಜಿನ್ ಆರಿಸಿ ಸೀದಾ ಬಾಗಿಲಿಗೆ ಓಡಿದ್ದಳು.

ಗುಂಡಿ ಒತ್ತದ ಬಸ್ಸು ಬೊಬ್ಬೆ ಹಾಕತೊಡಗಿತು. ಹಾರನ್ ನಿಲ್ಲಲೇ ಇಲ್ಲ. ತರಗತಿಗಳ ಕಿಟಕಿಗಳಲ್ಲಿ ಮುಖಗಳು ಗುಂಪುಗೂಡಿದವು. ಮಿಸ್ ಅರ್ನೆಸ್ಟೀನ್ ಬೆಚ್ಚಿ ಹಿಂತಿರುಗಿದಳು. ಅವಳ ಖಾಕಿ ಪ್ಯಾಂಟು ತೊಡೆಯಿಂದ ಕೆಳಗೆ ಕಪ್ಪಾಗುತ್ತಾ ಹೋಯಿತು. ಎಷ್ಟೋ ಮಕ್ಕಳ ಉಚ್ಚೆಯನ್ನು ಸೀಟಿನಿಂದ ಸದ್ದಿಲ್ಲದೆ ಒರೆಸಿ, ಬೇರೆಯವರಿಗೆ ಗೊತ್ತಾಗದಂತೆ ಮುಚ್ಚಿಟ್ಟವಳು ಅವಳು. ಅದೇ ಒದ್ದೆ ಪ್ಯಾಂಟಿನಲ್ಲಿ ಬಸ್ಸು ಹತ್ತಿ, ಹದಿಮೂರು ಸಾಲು ನಡೆದು, ಬಗ್ಗಿ ನೋಡಿ, ಗುಂಡಿ ಒತ್ತಿದಳು. ಒಳಗೆ ಯಾವ ಮಗುವೂ ಇರಲಿಲ್ಲ.

ನಾಲ್ಕನೇ ದಿನ ಕಂಪನಿಯಿಂದ ಅವಳಿಗೆ ಕಾಗದ ಬಂತು. ಮಕ್ಕಳ ಪ್ರಾಣಕ್ಕೆ ಸಂಚಕಾರ ತಂದದ್ದಕ್ಕಾಗಿ ಕೆಲಸದಿಂದ ವಜಾ. ಕೆಲಸದ ಜೊತೆಗೆ ವಿಮೆ ಹೋಗುತ್ತದೆ, ವಿಮೆಯ ಜೊತೆಗೆ ಇನ್ಸುಲಿನ್. ಶಾಲಾ ಮಂಡಳಿ ಮನಸ್ಸು ಮಾಡಿದರೆ ಕಂಪನಿಗೆ ಹೇಳಿ ಅವಳನ್ನು ವಾಪಸು ಸೇರಿಸಬಹುದಿತ್ತು. ಮಂಗಳವಾರದ ಸಭೆಯಲ್ಲಿ ಮಾತಾಡಲು ಅವಳು ಹೆಸರು ಬರೆಸಿದಳು.

ಸಭೆ ಸಂಜೆ ಆರಕ್ಕೆ. ನಾವು ಐದೂವರೆಗೇ ಹೋಗಿ ಕೂತೆವು. ಅವಳ ಕೈಯಲ್ಲಿ ದೊಡ್ಡ ಬಾಟಲಿ ತುಂಬ ತಣ್ಣನೆಯ ಸಿಹಿ ಚಹಾ. ಗಟಗಟ ಕುಡಿಯುತ್ತಿದ್ದಳು.

"ಸಕ್ಕರೆ ಅಲ್ವಾ ಮಿಸ್ ಅರ್ನೆಸ್ಟೀನ್, ಸಾಕು ಬಿಡಿ," ಅಂದೆ.

"ಸುಮ್ಕಿರು ವಿಲ್ಲಾ. ಇವತ್ ಬಸ್ ಓಡ್ಸಂಗಿಲ್ವಲ್ಲ ಮಗಾ. ಎಷ್ಟ್ ವರ್ಸ ಆಗಿತ್ತು ಹಿಂಗ್ ಹೊಟ್ಟೆತುಂಬ ಕುಡ್ದು!"

ಮೊದಲು ಗಾಲ್ಫ್ ಆಡುವ ಹುಡುಗಿಯರಿಗೆ ಫಲಕ ಕೊಟ್ಟರು. ಫೋಟೋ ತೆಗೆದರು. ಹೊಸ ಕ್ರೀಡಾಂಗಣದ ಹುಲ್ಲಿನ ಬಗ್ಗೆ ಮುಕ್ಕಾಲು ಗಂಟೆ ಹರಟಿದರು. ಮಿಸ್ ಅರ್ನೆಸ್ಟೀನ್ ಕಾಲಿಗೆ ಕಾಲು ಹೆಣೆದುಕೊಂಡು ಕೂತಿದ್ದಳು. ಏಳಲಿಲ್ಲ. ಎರಡು ಗಂಟೆ ಕಳೆದ ಮೇಲೆ ಅಧ್ಯಕ್ಷ ಅವಳ ಹೆಸರನ್ನು ತಪ್ಪುತಪ್ಪಾಗಿ ಕೂಗಿದ.

ಅವಳು ಮೈಕಿನ ಮುಂದೆ ನಿಂತಳು. ಎದುರಿನ ಗೋಡೆಯ ಮೇಲೆ ಕೆಂಪು ಅಂಕಿಗಳ ಗಡಿಯಾರ ಒಬ್ಬೊಬ್ಬರ ಮಾತಿಗೆ ಕೊಡುವ ಮೂರು ನಿಮಿಷವನ್ನು ಇಳಿಸುತ್ತಾ ಎಣಿಸತೊಡಗಿತು.

"ಮೊದ್ಲು ಕಕ್ಕಸಿಗೆ ಹೋಗ್ಬರ್ಲಾ ಸಾರ್?"

ಬಾಗಿಲಲ್ಲಿದ್ದ ಕಾವಲಿನವನು ಆಗಲ್ಲ ಅಂತ ತಲೆಯಾಡಿಸಿದ. "ಈ ಕಟ್ಟಡದಲ್ಲೂ ಬ್ಯಾಡ್ಜ್ ಬೇಕಮ್ಮ."

"ಹೊರಗೆ ಹೋದ್ರೆ ನಿಮ್ಮ ಸರದಿ ಮುಗೀತು," ಅಂದ ಅಧ್ಯಕ್ಷ. "ಮಾತಾಡ್ತೀರೋ ಇಲ್ವೋ?"

ಅವನ ಪಕ್ಕದಲ್ಲಿ ಕೂತಿದ್ದವನು ಡಾಕ್ಟರ್ ಲೋವರಿ, ಶಾಲೆಗಳ ಅಧಿಕಾರಿ. ಜ್ವರ ನೋಡುವ ಡಾಕ್ಟರ್ ಅಲ್ಲ, ಓದಿ ಪಡೆದ ಡಾಕ್ಟರ್. ನಗುತ್ತಾ ಕೇಳಿದ: "ಅದಕ್ಕೇ ಏನೇನೋ ಸಿಗುತ್ತಲ್ಲಮ್ಮ ಅಂಗಡೀಲಿ. ಹಾಕ್ಕೊಂಡು ಬರೋಕೇನು ಕಷ್ಟ?"

ಮಂಡಳಿಯ ಸಾಲಿನಲ್ಲಿ ಕೂತವರು ಕಿಸಕ್ಕೆಂದರು. ನನ್ನ ಮೈ ಉರಿದುಹೋಯಿತು. ಬೋಳಿಮಗನ ಮುಖಕ್ಕೆ ಬಾಟಲಿ ಎಸೆಯಬೇಕೆನಿಸಿತು. ಎಸೆಯಲಿಲ್ಲ. ನನಗೂ ಮಕ್ಕಳಿದ್ದಾವೆ.

ಮಿಸ್ ಅರ್ನೆಸ್ಟೀನ್ ಮೈಕನ್ನು ಬಾಯಿ ಹತ್ತಿರಕ್ಕೆ ಎಳೆದುಕೊಂಡಳು.

"ಇಪ್ಪತ್ ಮೂರ್ ವರ್ಸ. ನಿಮ್ ಮಕ್ಳು, ನಿಮ್ ಮೊಮ್ಮಕ್ಳು. ಒಂದ್ ಮಗೀನೂ ಮರ್ತಿಲ್ಲ ನಾನು. ನನ್ ಮೈನೇ ಮರ್ತಿದ್ದೆ. ಆವತ್ ಶಾಲೆ ಬಾಗ್ಲಲ್ಲಿ ಎಲ್ರೂ ನೋಡಿದ್ರು, ನೀವ್ ಮಾತ್ರ ನೋಡ್ಲಿಲ್ಲ. ನೋಡ್ಕಳಿ."

ಎರಡು ಕಾಲನ್ನೂ ಅಗಲಿಸಿ ನೆಟ್ಟಗೆ ನಿಂತಳು. ಚರ್ಚಿಗೆ ಉಡುವ ಬೂದು ಲಂಗ. ಅದರ ಕೆಳಗಿನಿಂದ ಸಣ್ಣಗೆ ಶುರುವಾಗಿ ಧಾರಾಳವಾಗಿ ಸುರಿಯಿತು. ಮಂಡಳಿಯ ನೀಲಿ ಜಮಖಾನದ ಮೇಲೆ, ಅದರಲ್ಲಿ ನೇಯ್ದಿದ್ದ ಪುಸ್ತಕ-ದೀಪದ ಮುದ್ರೆಯ ಮೇಲೆ. ಅವಳು ತಲೆ ತಗ್ಗಿಸಲಿಲ್ಲ. ಮಂಡಳಿಯ ಏಳು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

"ಥೂ, ಥೂ!" ಡಾಕ್ಟರ್ ಲೋವರಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಗುಡಿಸೋನನ್ನ ಕರೀರಿ ಯಾರಾದ್ರೂ!"

ಕ್ಲೀವನ್ ಬಕೆಟ್ಟು ಉರುಳಿಸಿಕೊಂಡು ಬಂದ. ಅವನೂ ನಮ್ಮ ಥರಾನೇ ಗುತ್ತಿಗೆಯವನು, ದಿನಾ ಆ ಕಟ್ಟಡದ ಕಕ್ಕಸು ತೊಳೆಯುವವನು. ನೆಲ ನೋಡಿದ, ಅವಳ ಮುಖ ನೋಡಿದ.

"ಏನ್ ನೋಡ್ತಿದೀಯೋ, ಬೇಗ ಒರಸು," ಅಂದ ಅಧ್ಯಕ್ಷ.

ಕ್ಲೀವನ್ ಬಕೆಟ್ಟನ್ನು ಅಧ್ಯಕ್ಷನ ಕುರ್ಚಿಯವರೆಗೂ ತಳ್ಳಿಕೊಂಡು ಹೋದ. ಒದ್ದೆ ಮಾಪನ್ನು ಅವನ ಕಾಗದಗಳ ಮೇಲೆ ಅಡ್ಡ ಇಟ್ಟ. "ನೀವೇ ಒರಸ್ಕೊಳ್ಳಿ ಸಾರ್," ಅಂದು, ಟೋಪಿ ತೆಗೆದು, ಬಂದು ನನ್ನ ಪಕ್ಕ ಕೂತ.

ಅಧ್ಯಕ್ಷ ಮರದ ಸುತ್ತಿಗೆ ಎತ್ತಿ ಮೇಜಿಗೆ ಬಡಿದ, ಸಭೆ ಮುಗಿಯಿತು ಅಂದ. ಎಲ್ಲರೂ ಎದ್ದರು. ಮಿಸ್ ಅರ್ನೆಸ್ಟೀನ್ ಮಾತ್ರ ನಿಂತಲ್ಲಿಂದ ಕದಲದೆ ಗೋಡೆಯ ಗಡಿಯಾರಕ್ಕೆ ಕೈ ತೋರಿಸಿದಳು.

"ಇನ್ನೂ ನಲ್ವತ್ ಸೆಕೆಂಡ್ ಐತೆ ನಂದು. ಕೂತ್ಕಳಿ."